ಉತ್ತರ ಬಾರದಿದ್ದಲ್ಲಿ

ಮಾರ್ಚ್ 3, ಸೋಮವಾರ

ಸಕಲರ ಅವಗಾಹನೆಗೆ ತರುವುದೇನೆಂದರೆ, ಇಂದು ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ, ಆರೋಗ್ಯ ಇಲಾಖೆಯ ಮೂರನೇ ಮಹಡಿಯ ಕಿಟಕಿ ಪಕ್ಕದ ಮೇಜಿಗೆ ಚಕ್ರವಿರುವ ಕುರ್ಚಿಯೊಂದು ದಯಮಾಡಿಸಿತು. ಹನ್ನೊಂದು ವರ್ಷಗಳಲ್ಲಿ ಏಳು ಮನವಿ ಬರೆದ ತಪಸ್ಸಿಗೆ ಸಿಕ್ಕ ವರ ಇದು. ಐದು ಚಕ್ರ, ಎರಡು ಕೈ, ಒಂದು ಬೆನ್ನು. ಹಳೆಯ ನಾಲ್ಕು ಕಾಲಿನ ಕುರ್ಚಿ ಸಕಲ ಗೌರವಗಳೊಂದಿಗೆ ಉಗ್ರಾಣ ಸೇರಿತು. ಮಧ್ಯಾಹ್ನದವರೆಗೆ ಕಡತದ ಬೀರುವಿಗೆ ನಾನು ಎದ್ದು ಹೋಗಲಿಲ್ಲ. ಕೂತೇ ತೇಲಿ ಹೋದೆ.

ಇದನ್ನು ಭಾವನಿಗೆ ಹೇಳಬೇಕಿತ್ತು. ಅಕ್ಕನ ಗಂಡ ಇಪ್ಪತ್ತೆರಡು ವರ್ಷ ಬಸ್ಸು ಓಡಿಸಿದವರು. "ನಿಂದೂ ಕೂತು ಮಾಡೋ ಕೆಲಸ, ನಂದೂ ಕೂತು ಮಾಡೋ ಕೆಲಸ. ನಿನ್ನ ಕುರ್ಚಿಗೆ ಚಕ್ರ ಇಲ್ಲ ನೋಡು, ಅದಕ್ಕೇ ಎಲ್ಲಿಗೂ ಹೋಗಿ ಮುಟ್ಟಲ್ಲ" ಎಂದು ಸಿಕ್ಕಾಗಲೆಲ್ಲ ಕಾಲೆಳೆಯುತ್ತಿದ್ದರು. ಈಗ ಅವರು ಯಾರ ಕಾಲನ್ನೂ ಎಳೆಯುವುದಿಲ್ಲ. ಹೋದ ಮಳೆಗಾಲದಲ್ಲಿ ಅವರ ಬಸ್ಸಿನಡಿ ಒಬ್ಬರು ಸಿಕ್ಕಿ ತೀರಿಕೊಂಡರು. ತಪ್ಪು ಭಾವನದ್ದಲ್ಲ ಎಂದು ವಿಚಾರಣೆಯಲ್ಲಿ ತೀರ್ಮಾನವಾಯಿತು. ಭಾವ ಮಾತ್ರ ಆ ತೀರ್ಮಾನವನ್ನು ಸ್ವೀಕರಿಸಿದಂತಿಲ್ಲ. ಮನೆ ಬಿಟ್ಟು ಹೊರಗೆ ಬಂದಿಲ್ಲ. ಆಪ್ತಸಮಾಲೋಚನೆಗೆ ಹೆಸರು ಬರೆಸಿ ಏಳು ತಿಂಗಳಾಯಿತು, ಸರದಿ ಬಂದಿಲ್ಲ.

ಕುರ್ಚಿ ಸುಮ್ಮನೆ ಬರಲಿಲ್ಲ. ಅದರ ಹಿಂದೆಯೇ ಕಾರ್ಯದರ್ಶಿ ಮೇಡಂ ಬಂದರು. "ಮನೋಆರೋಗ್ಯ ಸಿಬ್ಬಂದಿ ಕೊರತೆ ಬಗ್ಗೆ ನೀತಿ ಬೇಕು. ಕರಡು ನೀವೇ ಬರೀಬೇಕು. ಸದನ ಶುರುವಾಗೋದ್ರೊಳಗೆ ಏನಾದ್ರೂ ಕಣ್ಣಿಗೆ ಕಾಣೋ ಹಾಗಿರಬೇಕು" ಎಂದರು.

ಈ ಡೈರಿ ನನಗಾಗಿ ಮಾತ್ರ ಬರೆದುಕೊಳ್ಳುವಂಥದ್ದು. ಆದರೆ ಇದೇ ಡ್ರಾಯರಿನಲ್ಲಿ ನನಗಿಂತ ಮುಂಚಿನವರ ಡೈರಿ ಸಿಕ್ಕಾಗ ನಾನು ಊಟ ಬಿಟ್ಟು ಓದಿದ್ದೆ. ವರ್ಷಪೂರ್ತಿ ಎರಡೇ ವಿಷಯ: ಮೂಲವ್ಯಾಧಿ ಮತ್ತು ಮೇಲಧಿಕಾರಿ. ಆದ್ದರಿಂದ ಮುಂದೆ ಇದನ್ನು ಓದಬಹುದಾದವರಿಗೆ ಈಗಲೇ ನಮಸ್ಕಾರ. ನನ್ನದರಲ್ಲಿ ಅಷ್ಟು ರೋಚಕವಾದದ್ದು ಸಿಗಲಿಕ್ಕಿಲ್ಲ.

ಮಾರ್ಚ್ 6, ಗುರುವಾರ

ಲೆಕ್ಕ ಹೀಗಿದೆ. ಸರದಿ ಪಟ್ಟಿಯಲ್ಲಿರುವವರು 11,240 ಮಂದಿ. ನಿಯಮದಂತೆ ಎಪ್ಪತ್ತು ಜನಕ್ಕೆ ಒಬ್ಬ ಸಮಾಲೋಚಕರು. ಅಂದರೆ ಬೇಕಾದವರು 161. ಇರುವವರು 62. ಕೊರತೆ 99.

ಮೂರು ದಿನದಲ್ಲಿ ಎಂಟು ಕಲಂ ಬರೆದೆ. ತರಬೇತಿಯ ಸೀಟು ಹೆಚ್ಚಿಸುವುದು. ಓದಿನ ವೆಚ್ಚ ಸರ್ಕಾರ ಭರಿಸಿ, ಮೂಲೆಯ ಊರುಗಳಲ್ಲಿ ಐದು ವರ್ಷ ದುಡಿಸಿಕೊಳ್ಳುವುದು. ಬೇರೆ ರಾಜ್ಯದ ಪರವಾನಗಿ ಹೊತ್ತು ಬಂದವರನ್ನು ಮತ್ತೆ ಒಂದನೇ ತರಗತಿಗೆ ಕೂರಿಸದಿರುವುದು. ಕಾಯಿಲೆಯನ್ನು ಹಾದು ಬಂದವರಿಗೇ ತರಬೇತಿ ಕೊಟ್ಟು ಹೊಸಬರ ಜೊತೆಗೆ ಕೂರಿಸುವುದು. ಒಬ್ಬ ರೋಗಿಗೆ ಹದಿನಾಲ್ಕು ನಮೂನೆ ತುಂಬುವುದನ್ನು ನಾಲ್ಕಕ್ಕೆ ಇಳಿಸುವುದು. ಒಳ್ಳೆಯ ಕಲಂಗಳು. ಎಲ್ಲಕ್ಕೂ ಮೂರರಿಂದ ಐದು ವರ್ಷ ಬೇಕು.

ಮೇಡಂ ಓದಿ, ಕನ್ನಡಕ ತೆಗೆದು, "ಚೆನ್ನಾಗಿದೆ. ಏಪ್ರಿಲ್ಲಿಗೆ ಏನು ಕೊಡ್ತೀರಿ?" ಎಂದರು.

ಮಾರ್ಚ್ 12, ಬುಧವಾರ

ಸಿಕ್ಕಿತು. ಅದೂ ಸ್ನಾನ ಮಾಡುವಾಗ.

ನಾನು ಈ ಇಲಾಖೆಯಲ್ಲಿ ಪ್ರಸಿದ್ಧನಾಗಿರುವುದು ಒಂದೇ ಒಂದು ವಾಕ್ಯಕ್ಕಾಗಿ. ಯಾವ ಪತ್ರ ಹೋದರೂ ಅದರ ಕೊನೆಯಲ್ಲಿ ನನ್ನ ಈ ಮುತ್ತು ಇರುತ್ತದೆ: "ನಿಗದಿತ ಅವಧಿಯಲ್ಲಿ ಉತ್ತರ ಬಾರದಿದ್ದಲ್ಲಿ, ತಮಗೆ ಹೇಳುವುದೇನೂ ಇಲ್ಲವೆಂದು ಭಾವಿಸಿ ಮುಂದುವರಿಯಲಾಗುವುದು." ಇದರ ಮಹಿಮೆ ಅಪಾರ. ಎದುರಿನವನು ಸುಮ್ಮನಿದ್ದರೆ ನಮ್ಮ ಕೆಲಸ ಆಯಿತು. ಮನುಷ್ಯರು ಸಾಮಾನ್ಯವಾಗಿ ಸುಮ್ಮನಿರುತ್ತಾರೆ.

ಪಟ್ಟಿಯಲ್ಲಿ ಎಷ್ಟೋ ಜನ ವರ್ಷದ ಹಿಂದೆ ಹೆಸರು ಬರೆಸಿದವರು. ಗುಣವಾಗಿರಬಹುದು, ಊರು ಬಿಟ್ಟಿರಬಹುದು. ಅವರನ್ನು ಕೇಳಿದರೆ ಆಯಿತು. ಕಲಂ ಒಂಬತ್ತು: ಪಟ್ಟಿಯಲ್ಲಿರುವ ಪ್ರತಿಯೊಬ್ಬರಿಗೂ ಯಂತ್ರದ ಮೂಲಕ ಮೂರು ದಿನ ಮೂರು ಕರೆ. ಸೇವೆ ಬೇಕಿದ್ದವರು ಒಂದನ್ನು ಒತ್ತುವುದು. ಉತ್ತರ ಬಾರದಿದ್ದಲ್ಲಿ, ಅಗತ್ಯವಿಲ್ಲವೆಂದು ಭಾವಿಸಿ ಹೆಸರು ತೆಗೆಯುವುದು.

ಮೇಡಂ ಎರಡು ಸಲ ಓದಿದರು. "ಪ್ರಾಯೋಗಿಕವಾಗಿ ಶುರು ಮಾಡಿ" ಎಂದರು. ಕುರ್ಚಿಯಲ್ಲಿ ಒಂದು ಸುತ್ತು ತಿರುಗಿದೆ. ಯಾರೂ ನೋಡಲಿಲ್ಲ.

ಏಪ್ರಿಲ್ 7, ಸೋಮವಾರ

ಇತಿಹಾಸಕಾರರು ಗಮನಿಸಬೇಕು. ಫಲಿತಾಂಶ ಬಂದಿದೆ.

ತೆಗೆದ ಹೆಸರು 6,870. ಉಳಿದವರು 4,370. ಬೇಕಾದ ಸಮಾಲೋಚಕರು 63. ಇರುವವರು 62.

ಕೊರತೆ: ಒಂದು.

ಆ ಒಂದು ಇದ್ದದ್ದೇ ಚೆಂದ. ಸೊನ್ನೆ ಎಂದಿದ್ದರೆ ಯಾರೂ ನಂಬುತ್ತಿರಲಿಲ್ಲ. ಒಬ್ಬರನ್ನೂ ನೇಮಿಸದೆ ತೊಂಬತ್ತೆಂಟು ಹುದ್ದೆ ತುಂಬಿದವನು ಭೂಮಿಯ ಮೇಲೆ ನಾನೊಬ್ಬನೇ ಇರಬೇಕು. ಇನ್ನು ನೀತಿಯನ್ನು ಅಂತಿಮಗೊಳಿಸುವ ಸಮಿತಿ ಒಪ್ಪಿಬಿಟ್ಟರೆ ಮುಂದಿನ ಐದು ವರ್ಷಕ್ಕೆ ಅರವತ್ತಮೂರು ಎಂಬುದೇ ಖಾಯಂ ಸಂಖ್ಯೆ.

ಏಪ್ರಿಲ್ 10, ಗುರುವಾರ

ಪ್ರಶಂಸಾಪತ್ರ ಬಂತು. ಗಾಜು ಹಾಕಿಸಿ ಕಿಟಕಿ ಪಕ್ಕ ನೇತುಹಾಕಿದೆ. ಹೆಂಡತಿಗೆ ಫೋಟೋ ಕಳಿಸಿದರೆ, "ಸ್ವಲ್ಪ ಎಡಕ್ಕೆ ವಾಲಿದೆ" ಎಂದು ಉತ್ತರ ಬಂತು.

ಏಪ್ರಿಲ್ 13, ಭಾನುವಾರ

ಅಕ್ಕ ಫೋನ್ ಮಾಡಿದ್ದಳು.

"ಪುಟ್ಟ," (ಐವತ್ತೆರಡು ವರ್ಷದವನನ್ನು ಹೀಗೆ ಕರೆಯುವ ಅಧಿಕಾರ ಅವಳೊಬ್ಬಳಿಗೇ ಇದೆ) "ನಿನ್ನೆ ಆಸ್ಪತ್ರೆಗೆ ಹೋಗಿದ್ದೆ. ನಿಮ್ಮ ಭಾವನ ಸರದಿ ಎಲ್ಲಿಗೆ ಬಂತು ಅಂತ ಕೇಳಿದೆ. ಹೆಸರೇ ಇಲ್ಲ ಅಂದ್ರು."

"ಇಲ್ಲ ಅಂದ್ರೆ?"

"ಇಲ್ಲ ಅಂದ್ರೆ ಇಲ್ಲ. ಪಟ್ಟೀಲೇ ಇಲ್ವಂತೆ. ಅವರಿಗೆ ಬೇಡವಂತೆ ಅಂತ ಬರೆದಿದೆಯಂತೆ. ಯಾರು ಹೇಳಿದ್ರು ಬೇಡ ಅಂತ? ನಾನಂತೂ ಹೇಳಿಲ್ಲ. ಅವರು ಬಾಯೇ ಬಿಡಲ್ಲ. ನೀನು ಅದೇ ಇಲಾಖೇಲಿದೀಯಲ್ಲ, ಸ್ವಲ್ಪ ನೋಡು."

"ಕಂಪ್ಯೂಟರ್ ತಪ್ಪಿರಬೇಕು ಅಕ್ಕ, ನೋಡ್ತೀನಿ" ಎಂದೆ.

ಎಷ್ಟು ಸರಾಗವಾಗಿ ಬಂತು ಆ ಮಾತು. ತಡವರಿಸಲೂ ಇಲ್ಲ.

ಏಪ್ರಿಲ್ 14, ಸೋಮವಾರ

ನೋಡಿದೆ. ಕ್ರಮಸಂಖ್ಯೆ 2,916. ಎದುರಿಗೆ ನಾಲ್ಕು ಚೌಕ.

ಉತ್ತರವಿಲ್ಲ. ಉತ್ತರವಿಲ್ಲ. ಉತ್ತರವಿಲ್ಲ. ಅಗತ್ಯವಿಲ್ಲ.

ನಾಲ್ಕನೆಯ ಚೌಕಕ್ಕೆ ಏನು ಬರೆಯಬೇಕೆಂದು ಯಂತ್ರ ಇಟ್ಟವರು ನನ್ನನ್ನೇ ಕೇಳಿದ್ದರು. "ಕೈಬಿಡಲಾಗಿದೆ" ಎಂದು ಹಾಕೋಣವೇ ಅಂದರು. ಅದು ಒರಟಾಗುತ್ತದೆ, "ಅಗತ್ಯವಿಲ್ಲ" ಎಂದು ಹಾಕಿ, ಮೆತ್ತಗಿರುತ್ತದೆ ಎಂದಿದ್ದೆ.

ಏಪ್ರಿಲ್ 16, ಬುಧವಾರ

ಅರ್ಧ ದಿನ ರಜೆ ಹಾಕಿ ಆ ಆಸ್ಪತ್ರೆಗೆ ಹೋದೆ. ಯಾಕೆ ಹೋದೆ ಎಂಬುದನ್ನು ಉಳಿದ ಮಾತಿಗಿಂತ ಮುಂಚೆ ಬರೆದುಬಿಡಬೇಕು, ಇಲ್ಲವಾದರೆ ಇಲ್ಲೂ ಮೆತ್ತಗೆ ಮಾಡಿಬಿಡುತ್ತೇನೆ. ಭಾವನೊಬ್ಬರ ಹೆಸರನ್ನು ಸದ್ದಿಲ್ಲದೆ ಒಳಗೆ ತೂರಿಸಲಿಕ್ಕೆ ಹೋದೆ. ಉಳಿದ 6,869 ಜನರ ನೆನಪು ನನಗೆ ಬರಲಿಲ್ಲ.

ಸಮಾಲೋಚಕಿಯನ್ನು ಅಲ್ಲಿ ಎಲ್ಲರೂ "ಮೂರು ಚೀಲದ ಮೇಡಂ" ಎನ್ನುತ್ತಾರೆ. ವಾರದಲ್ಲಿ ಮೂರು ಆಸ್ಪತ್ರೆ ಅವರೊಬ್ಬರದೇ ಜವಾಬ್ದಾರಿ. ಒಂದೊಂದಕ್ಕೆ ಒಂದೊಂದು ಬಟ್ಟೆಯ ಚೀಲ. ನೀಲಿ ಚೀಲದ ದಿನ ನಾನು ಹೋಗಿದ್ದು. ಅವರ ಕೋಣೆ ಹಿಂದೆ ಎಕ್ಸ್‌ರೇ ತೆಗೆಯುವ ಜಾಗವಾಗಿತ್ತಂತೆ, ಕಿಟಕಿಯಿಲ್ಲ. ಹೊರಗೆ ಬೆಂಚಿನ ಮೇಲೆ ಹದಿನೇಳು ಜನ. ನಾನು ಎಣಿಸಿದೆ. ಎಣಿಸುವುದು ಅಭ್ಯಾಸ.

ಊಟದ ಡಬ್ಬಿ ಬಿಚ್ಚಿದ ಹೊತ್ತಿಗೆ ಒಳಗೆ ಬಿಟ್ಟರು. ಹೇಳಿಕೊಂಡೆ. ಅವರು ಊಟ ನಿಲ್ಲಿಸಲಿಲ್ಲ.

"ಇಲಾಖೆಯವರು ಅಂದ್ರಲ್ಲ. ಅಲ್ಲಿ ಏನು ಕೆಲಸ ನಿಮ್ದು?"

"ಕರಡು ಬರೆಯೋದು."

"ಕಲಂ ಒಂಬತ್ತು?"

ನಾನು ನೆಲ ನೋಡಿದೆ. ಅವರು ಡಬ್ಬಿ ಮುಚ್ಚಿದರು.

"ನಾನು ನಿಮಗೊಂದು ಪತ್ರ ಬರೆದಿದ್ದೆ, ಜನವರೀಲಿ. ಫೋನ್ ತೆಗೆಯೋಕೆ ಆಗದೇ ಇರೋದೇ ಎಷ್ಟೋ ಜನರ ಕಾಯಿಲೆ, ಮನೆಗೇ ಯಾರಾದ್ರೂ ಹೋಗಿ ನೋಡೋ ಹಾಗೆ ಮಾಡಿ ಅಂತ. ನೆನಪಿದೆಯಾ?"

"ಇಲ್ಲ."

"ನಿಮ್ಮ ಕಡೆಯಿಂದ ಉತ್ತರ ಬರಲಿಲ್ಲ. ಹಾಗಾಗಿ ನಿಮಗೆ ಹೇಳೋದೇನೂ ಇಲ್ಲ ಅಂತ ನಾನೂ ಭಾವಿಸಿದೆ."

ನಗುತ್ತಲೇ ಹೇಳಿದರು. ಬೈದಿದ್ದರೆ ಸುಲಭವಾಗುತ್ತಿತ್ತು.

"ನಮ್ಮ ಭಾವನ ಹೆಸರು..." ಎಂದೆ. ಆಮೇಲೂ ಕೇಳಿದೆ. ನನ್ನ ಮುಖದ ಚರ್ಮ ಅಷ್ಟು ದಪ್ಪವಿದೆ ಎಂದು ನನಗೇ ಗೊತ್ತಿರಲಿಲ್ಲ.

"ಹಾಕೋಣ. ಹೊರಗೆ ಬೆಂಚಲ್ಲಿ ಹದಿನೇಳು ಜನ ಇದಾರೆ. ನೀವೇ ಹೋಗಿ ಒಬ್ಬರನ್ನ ಎಬ್ಬಿಸಿ ಮನೆಗೆ ಕಳಿಸಿ ಬನ್ನಿ. ಆ ಜಾಗ ನಿಮ್ಮ ಭಾವನಿಗೆ ಕೊಡ್ತೀನಿ."

ನಾನು ಹೊರಗೆ ಬಂದೆ. ಬೆಂಚಿನ ತುದಿಯಲ್ಲಿದ್ದ ಹೆಂಗಸೊಬ್ಬರು ನಾನೂ ಸರದಿಯವನೆಂದು ತಿಳಿದು ಸ್ವಲ್ಪ ಸರಿದು ಜಾಗ ಬಿಟ್ಟರು.

ಏಪ್ರಿಲ್ 17, ಗುರುವಾರ

ಆ ಪತ್ರ ಹುಡುಕಿದೆ. ಇತ್ತು. ಎರಡು ಪುಟ, ಕೈಬರಹ. ಮೂಲೆಯಲ್ಲಿ ನನ್ನದೇ ಅಕ್ಷರದಲ್ಲಿ: "ಓದಲಾಯಿತು. ಕಡತಕ್ಕೆ."

ಏಪ್ರಿಲ್ 18, ಶುಕ್ರವಾರ

ಪ್ರಶಂಸಾಪತ್ರ ತೆಗೆದು ಬೀರುವಿನ ಹಿಂದೆ ಇಟ್ಟೆ. ಪಕ್ಕದ ಮೇಜಿನವರು ಕೇಳಿದ್ದಕ್ಕೆ ಬಿಸಿಲು ಬೀಳುತ್ತದೆ ಎಂದೆ.

ಏಪ್ರಿಲ್ 22, ಮಂಗಳವಾರ

ಅಕ್ಕ ಬೆಳಿಗ್ಗೆ ಕರೆ ಮಾಡಿದಳು. ಎತ್ತಲಿಲ್ಲ. ಮಧ್ಯಾಹ್ನ ಮಾಡಿದಳು. ಎತ್ತಲಿಲ್ಲ. ಸಂಜೆ ಬಸ್ ನಿಲ್ದಾಣದಲ್ಲಿ ನಿಂತಿದ್ದಾಗ ಮಾಡಿದಳು. ಜೇಬಿನಲ್ಲಿ ನಡುಗಿ ನಡುಗಿ ನಿಂತಿತು.

ಮೂರು ಕರೆ. ಕಲಂ ಒಂಬತ್ತರ ಪ್ರಕಾರ ನನಗೆ ಈಗ ಅಕ್ಕನ ಅಗತ್ಯವಿಲ್ಲ.

ಏಪ್ರಿಲ್ 27, ಭಾನುವಾರ

ಹೋದೆ. ಬಾಗಿಲು ತೆಗೆದ ಅಕ್ಕ, "ಬದುಕಿದೀಯಾ?" ಎಂದಳು. "ಒಳಗೆ ಬಾ. ಚಪ್ಪಲಿ ಅಲ್ಲೇ ಬಿಡು."

ಭಾವ ನಡುಮನೆಯಲ್ಲಿ, ಗೋಡೆಗೆ ಮುಖ ಮಾಡಿದ ಕುರ್ಚಿಯಲ್ಲಿದ್ದರು. ಸಣ್ಣಗಾಗಿದ್ದಾರೆ. ಅಂಗಿಯ ಕೊರಳಪಟ್ಟಿಯೊಳಗೆ ಕುತ್ತಿಗೆ ಅಲ್ಲಾಡುತ್ತದೆ. ನಾನು ಪಕ್ಕದಲ್ಲಿ ಕೂತೆ. ಮೊದಲಾದರೆ ನಿಮಿಷಕ್ಕೊಂದು ಚೇಷ್ಟೆ ಮಾಡಿ ಆ ಮೌನ ತುಂಬಿಸಿಬಿಡುತ್ತಿದ್ದೆ. ಇವತ್ತು ಯಾವುದೂ ನಾಲಗೆಗೆ ಬರಲಿಲ್ಲ. ಒಂದು ಗಂಟೆ ಇರಬಹುದು, ಇಬ್ಬರೂ ಗೋಡೆ ನೋಡಿದೆವು. ಬಣ್ಣ ಎದ್ದ ಒಂದು ಜಾಗ ಮೊದಲು ಮೋಡದಂತೆ, ಆಮೇಲೆ ಮೂಗಿನಂತೆ ಕಾಣುತ್ತದೆ.

ಅಡುಗೆಮನೆಯಲ್ಲಿ ಅಕ್ಕನ ಫೋನ್ ಹೊಡೆಯಿತು. ಭಾವನ ಎರಡೂ ಕೈ ಕುರ್ಚಿಯ ಹಿಡಿಯನ್ನು ಹಿಡಿದವು. ಅಕ್ಕ ಓಡಿ ಹೋಗಿ ನಿಲ್ಲಿಸಿದಳು. "ಸದ್ದು ತೆಗೆದಿಡೋದು ಮರೆತೆ" ಎಂದು ಯಾರಿಗೂ ಅಲ್ಲದಂತೆ ಹೇಳಿದಳು.

ಸ್ವಲ್ಪ ಹೊತ್ತಾದ ಮೇಲೆ ಭಾವ ಗೋಡೆಗೇ ಹೇಳಿದರು.

"ಅವನ ಫೋನು ಬಸ್ಸಿನ ಪಕ್ಕ ರಸ್ತೆ ಮೇಲೆ ಬಿದ್ದಿತ್ತು. ಗಾಜು ಕೂಡ ಒಡೆದಿರಲಿಲ್ಲ. ಹೊಡ್ಕೋತಾ ಇತ್ತು."

ಅವರ ಕೈ ಇನ್ನೂ ಕುರ್ಚಿಯ ಹಿಡಿ ಬಿಟ್ಟಿರಲಿಲ್ಲ.

"ನಿಲ್ಲೋದು, ಮತ್ತೆ ಹೊಡ್ಕೊಳ್ಳೋದು. ಎಲ್ಲರೂ ಸುತ್ತ ನಿಂತಿದ್ರು. ನಾನೂ ನಿಂತಿದ್ದೆ. ಮನೆಯವರೇ ಇರಬೇಕು, ಇನ್ನೂ ಯಾಕೆ ಬರಲಿಲ್ಲ ಅಂತ. ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ."

ಅಷ್ಟೇ. ಒಂಬತ್ತು ತಿಂಗಳಲ್ಲಿ ಅವರಾಡಿದ ಅತಿ ಉದ್ದದ ಮಾತು ಅದು ಎಂದು ಅಕ್ಕ ಆಮೇಲೆ ಹೇಳಿದಳು.

ಅಂಥ ಮನುಷ್ಯನಿಗೆ ನಾನು ಮೂರು ಸಲ ಫೋನ್ ಹೊಡೆಸಿದ್ದೇನೆ.

ಅಡುಗೆಮನೆಗೆ ಹೋಗಿ ಅಕ್ಕನಿಗೆ ಎಲ್ಲ ಹೇಳಿದೆ. ಯಂತ್ರ, ಮೂರು ಕರೆ, ನಾಲ್ಕನೆಯ ಚೌಕ, ಮೂರು ಚೀಲದ ಮೇಡಂ ಹತ್ತಿರ ಹೋಗಿ ಹಿಂದಿನ ಬಾಗಿಲು ತಟ್ಟಿದ್ದು, ಕಂಪ್ಯೂಟರ್ ತಪ್ಪು ಎಂದದ್ದು. ಅವಳು ಪಾತ್ರೆ ತೊಳೆಯುತ್ತಲೇ ಕೇಳಿದಳು.

"ಆ ಮಾತು ನೀನೇ ಬರೆದಿದ್ದಾ? ಉತ್ತರ ಬರದಿದ್ರೆ ಬೇಡ ಅಂತ?"

"ಹೂಂ."

ನಲ್ಲಿ ನಿಲ್ಲಿಸಿದಳು. "ಚಿಕ್ಕೋನಾಗಿದ್ದಾಗ ನೀನು ಜಗಳ ಆಡಿ ಅಟ್ಟ ಹತ್ತಿ ಕೂತಿರ್ತಿದ್ದೆ. ಅಮ್ಮ ಊಟಕ್ಕೆ ಕರೆದೂ ಕರೆದೂ ಗಂಟಲು ಒಣಗಿಸ್ಕೊಳ್ಳೋಳು. ಒಂದು ದಿನಕ್ಕೂ ಓ ಅಂತಿರಲಿಲ್ಲ ನೀನು."

"ಹೂಂ."

"ಇವನಿಗೆ ಹಸಿವಿಲ್ಲ ಅಂತ ಅಮ್ಮ ತಟ್ಟೆ ಎತ್ತಿಟ್ಟಿದ್ಳೇನೋ?"

ನಾನು ತೊಳೆದಿಟ್ಟ ತಟ್ಟೆಯೊಂದನ್ನು ಎತ್ತಿ ಒರೆಸತೊಡಗಿದೆ.

"ಏಣಿ ಹತ್ತಿ ತಂದು ಕೊಡ್ತಿದ್ಳು" ಎಂದಳು, ಮತ್ತೆ ನಲ್ಲಿ ತಿರುಗಿಸಿದಳು.

ಮೇ 2, ಶುಕ್ರವಾರ

ಮೇಡಂ ಕೋಣೆಗೆ ಹೋದೆ. ಕಲಂ ಒಂಬತ್ತು ತೆಗೆಯಬೇಕು ಎಂದೆ. ಅಂದುಕೊಂಡದ್ದು ಭಾಷಣ, ಬಾಯಿಂದ ಬಂದದ್ದು ಕೆಮ್ಮು.

"ನಿಮ್ಮದೇ ಕಲಂ" ಎಂದರು.

"ನನ್ನದೇ. ತಪ್ಪು."

"ಸಚಿವರು ಸದನದಲ್ಲಿ ಹೇಳಿಯಾಗಿದೆ, ಕೊರತೆ ಒಂದು ಅಂತ. ಜೂನ್ ಮೂರಕ್ಕೆ ಸಮಿತಿ. ಈಗ ಬಂದು ತಪ್ಪು ಅಂದ್ರೆ? ಆ ಹೆಸರು ಹೋದವರಿಗೆಲ್ಲ ನಿಜವಾಗ್ಲೂ ಬೇಕಿತ್ತು ಅನ್ನೋದಕ್ಕೆ ಏನಿದೆ ನಿಮ್ಮ ಹತ್ರ?"

ನನ್ನ ಹತ್ತಿರ ಇದ್ದದ್ದು ಒಬ್ಬ ಭಾವ. ಅವರನ್ನು ಹೇಳಿದೆ. ಮೇಡಂ ಕನ್ನಡಕ ತೆಗೆದರು. ತುಂಬ ಹೊತ್ತು ಒರೆಸಿದರು.

"ಒಬ್ಬರನ್ನ ಸಮಿತಿ ಮುಂದೆ ಇಡೋಕಾಗಲ್ಲ" ಎಂದರು.

"ಕೇಳ್ತೀನಿ. ಹೆಸರು ಹೋದವರನ್ನೇ. ನಾನೇ ಫೋನ್ ಮಾಡಿ."

"ಆರು ಸಾವಿರದ ಎಂಟು ನೂರು ಜನಾನ?"

"ಎಷ್ಟು ಆಗುತ್ತೋ ಅಷ್ಟು."

"ನಿಮ್ಮ ಮಾಮೂಲಿ ಕೆಲಸ ನಿಲ್ಲಬಾರದು. ಮತ್ತೆ, ಇದು ನಾನು ಹೇಳಿದ್ದಲ್ಲ."

ಹೇಳಿದ್ದಲ್ಲ ಎಂಬುದನ್ನು ಒಪ್ಪಿಗೆ ಎಂದು ಭಾವಿಸಿ ಮುಂದುವರಿಯಲಾಗಿದೆ. ಈ ವಾಕ್ಯಕ್ಕೆ ಇದೊಂದು ಸಲ ಕ್ಷಮೆಯಿರಲಿ.

ಮೇ 5, ಸೋಮವಾರ

ಹತ್ತರಿಂದ ಒಂದರವರೆಗೆ ಕೂತೆ. ಹದಿನಾಲ್ಕು ಕರೆ. ಐದು ಜನ ಎತ್ತಿದರು. ಒಬ್ಬರು ನಾನು ಬ್ಯಾಂಕಿನವನೆಂದು ಬೈದರು. ಒಬ್ಬರು ನನ್ನ ಮಾತು ಮುಗಿಯುವ ಮುಂಚೆ ಅತ್ತರು. ಅಳುವವರಿಗೆ ಹೇಳಲು ನನ್ನ ಬಳಿ ಒಂದು ವಾಕ್ಯವೂ ಇರಲಿಲ್ಲ. ಇಪ್ಪತ್ತಾರು ವರ್ಷ ವಾಕ್ಯ ಬರೆದವನು.

ಮೂರು ಚೀಲದ ಮೇಡಂಗೆ ಫೋನ್ ಮಾಡಿ ಏನು ಹೇಳಬೇಕೆಂದು ಕೇಳಿದೆ. "ಏನೂ ಹೇಳ್ಬೇಡಿ. ಇದೀನಿ ಅಂತ ಗೊತ್ತಾಗೋ ಹಾಗೆ ಇರಿ" ಎಂದರು. "ಆಗಾಗ ಹೂಂ ಅನ್ನಿ. ನಿಮಗೆ ಅಭ್ಯಾಸ ಇಲ್ಲ, ಕಷ್ಟ ಆಗುತ್ತೆ. ಜೀವಕ್ಕೇ ಅಪಾಯ ಅನ್ನಿಸಿದ್ರೆ ಮಾತ್ರ ನೀವು ಕಾಯ್ಬೇಡಿ, ಆ ಕ್ಷಣ ಕರೆ ನನಗೆ ಕೊಡಿ. ಯಾವ ಚೀಲದ ದಿನ ಆದ್ರೂ ಸರಿ."

ಮೇ 9, ಶುಕ್ರವಾರ

ಎತ್ತದವರಿಗೆ ಮರುದಿನ, ಮತ್ತೆ ಮರುದಿನ. ನಾಲ್ಕನೆಯ ಕರೆಗೆ ಎತ್ತುವವರೇ ಹೆಚ್ಚು. ನಾಲ್ಕನೆಯದಕ್ಕೆ. ನಾನು ಮೂರು ಎಂದು ಯಾಕೆ ಬರೆದೆ ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ಕಾರಣವಿಲ್ಲ. ಮೂರು ಎಂಬುದು ಕಾಗದದ ಮೇಲೆ ಚೆನ್ನಾಗಿ ಕಂಡಿತ್ತು.

ಶಾಲೆಯ ಮೇಷ್ಟ್ರೊಬ್ಬರು ಐದನೆಯದಕ್ಕೆ ಎತ್ತಿ, "ಯಂತ್ರ ಒಂದನ್ನ ಒತ್ತಿ ಅಂತು. ಒತ್ತೋಣ ಅಂತ ಬೆರಳು ಇಟ್ಟೆ. ಇಟ್ಟೇ ಇದ್ದೆ. ಕಟ್ ಆಯ್ತು" ಎಂದರು. ನಾನು ಹೂಂ ಎಂದೆ. ಅವರು ಇಪ್ಪತ್ತು ನಿಮಿಷ ಮಾತಾಡಿದರು. ಮಾಮೂಲಿ ಕೆಲಸ ನಿಂತಿತು.

ಮೇ 14, ಬುಧವಾರ

ಹೆಂಗಸಿನ ದನಿ. ಪಟ್ಟಿಯಲ್ಲಿದ್ದದ್ದು ಗಂಡಸಿನ ಹೆಸರು.

"ನನ್ನ ತಮ್ಮನ ಫೋನು. ಈಗ ನಾನಿಟ್ಕೊಂಡಿದೀನಿ. ಅವನು ಹೋಗಿ ಹನ್ನೆರಡು ದಿನ ಆಯ್ತು. ಏನಾದ್ರೂ ಹೇಳ್ಬೇಕಿತ್ತಾ?"

ಮೇ 15, ಗುರುವಾರ

ನಿನ್ನೆ ಅಲ್ಲಿಗೇ ನಿಲ್ಲಿಸಿದ್ದೆ. ಅವರಿಗೆ ನಾನು ಯಾರೆಂದು ಹೇಳಿದೆ. ನಾನು ಬರೆದದ್ದು ಏನೆಂದೂ ಹೇಳಿದೆ. ಅವರು ಬೈಯಲಿಲ್ಲ, ಕ್ಷಮಿಸಲೂ ಇಲ್ಲ. "ಪಟ್ಟೀಲಿ ಅವನ ಹೆಸರಿಗೆ ಏನಂತ ಬರೆದಿದೆ?" ಎಂದು ಕೇಳಿದರು. ಓದಿ ಹೇಳಿದೆ. "ಅದನ್ನ ತೆಗೀರಿ. ಅವನಿಗೆ ಬೇಕಿತ್ತು" ಎಂದರು.

ತೆಗೆದೆ. ತೆಗೆದ ಜಾಗದಲ್ಲಿ ಏನು ಬರೆಯುವುದೆಂದು ತಿಳಿಯದೆ ಖಾಲಿ ಬಿಟ್ಟಿದ್ದೇನೆ.

ಮೇ 16, ಶುಕ್ರವಾರ

ಇಪ್ಪತ್ತೊಂದು ಕರೆ.

ಮೇ 29, ಗುರುವಾರ

ಇವತ್ತಿಗೆ 318 ಮಂದಿ. ಎತ್ತಿದವರು 204. ಅವರಲ್ಲಿ "ಈಗ ಬೇಡ, ಚೆನ್ನಾಗಿದೀನಿ" ಎಂದವರು 19. ಉಳಿದ 185 ಮಂದಿಗೆ ಬೇಕು.

ಪಕ್ಕದ ಮೇಜಿನವರು ಮೊನ್ನೆಯಿಂದ ತಾವೂ ಪಟ್ಟಿಯ ಒಂದು ಹಾಳೆ ಇಸಿದುಕೊಂಡಿದ್ದಾರೆ. ಯಾಕೆ ಎಂದರೆ, "ನೀವು ಬರೀ ಹೂಂ ಹೂಂ ಅನ್ನೋದು ಕೇಳಿ ಕೇಳಿ ತಲೆಕೆಟ್ಟು ಹೋಗಿದೆ" ಎಂದರು.

ಜೂನ್ 3, ಮಂಗಳವಾರ

ಸಮಿತಿ. ಉದ್ದನೆಯ ಮೇಜು, ಹನ್ನೊಂದು ಜನ, ಹನ್ನೊಂದು ನೀರಿನ ಬಾಟಲಿ. ನನ್ನನ್ನು ಬಾಗಿಲ ಪಕ್ಕ ಕೂರಿಸಿದರು. ಕಲಂ ಒಂಬತ್ತನ್ನು ಓದಿದರು. ನನ್ನ ವಾಕ್ಯ ಆ ಕೋಣೆಯಲ್ಲಿ ಬಹಳ ಚೆನ್ನಾಗಿ ಕೇಳಿಸಿತು. ಎಲ್ಲರೂ ತಲೆದೂಗಿದರು.

ಮೇಡಂ, "ಇದರ ಬಗ್ಗೆ ಕರಡು ಬರೆದವರು ಏನೋ ಹೇಳಬೇಕಂತೆ" ಎಂದರು.

ಎದ್ದು ನಿಂತೆ. 318 ಹೇಳಿದೆ, 185 ಹೇಳಿದೆ. ಅಧ್ಯಕ್ಷರು, "ಅಂದರೆ ನೀವು ಹೇಳೋದು, ಕೊರತೆ ಒಂದಲ್ಲ?" ಎಂದರು.

"ಅಲ್ಲ ಸಾರ್. ತೊಂಬತ್ತೊಂಬತ್ತು. ಒಂದು ಅಂತ ಆಗಿದ್ದು ನನ್ನಿಂದ."

"ಯಂತ್ರದ ದೋಷವಾ?"

ಬಾಗಿಲು ತೆರೆದು ಕೊಟ್ಟಿದ್ದರು, ಪುಣ್ಯಾತ್ಮರು. ಒಳಗೆ ಹೋಗಿ ನೆಮ್ಮದಿಯಾಗಿ ಕೂರಬಹುದಿತ್ತು. ಒಂದು ಕ್ಷಣ ಕಾಲು ಆ ಕಡೆಗೇ ಎತ್ತಿದ್ದು ನಿಜ. ಅದನ್ನೂ ಇಲ್ಲಿ ಬರೆದಿಡುತ್ತೇನೆ.

"ಅಲ್ಲ ಸಾರ್. ನನ್ನ ದೋಷ. ಯಂತ್ರ ನಾನು ಬರೆದದ್ದನ್ನೇ ಮಾಡಿತು."

ಕಲಂ ಒಂಬತ್ತು ಬಿದ್ದುಹೋಯಿತು. ತೆಗೆದ ಹೆಸರುಗಳೆಲ್ಲ ಹಳೆಯ ಕ್ರಮಸಂಖ್ಯೆಯಲ್ಲೇ ಮರಳಬೇಕು. ಅದರ ಜಾಗಕ್ಕೆ ಹೊಸ ಕಲಂ: ಫೋನಿಗೆ ಸಿಗದವರ ಮನೆಗೆ, ಕಾಯಿಲೆ ಹಾದು ಬಂದು ತರಬೇತಿ ಪಡೆದವರನ್ನು ಕಳಿಸುವುದು. ಮೂರು ಚೀಲದ ಮೇಡಂ ಜನವರಿಯಲ್ಲಿ ಕೈಬರಹದಲ್ಲಿ ಬರೆದದ್ದನ್ನೇ ಇಳಿಸಿಕೊಂಡಿದ್ದೇನೆ. ಒಂದು ಪದವನ್ನೂ ಮೆತ್ತಗೆ ಮಾಡಿಲ್ಲ. ಉಳಿದ ಎಂಟು ಕಲಂ ಹಾಗೇ ಇವೆ. ಮೂರರಿಂದ ಐದು ವರ್ಷ.

ಒಂದೇ ಬೆಳಗಿನಲ್ಲಿ ಸಿಬ್ಬಂದಿ ಕೊರತೆಯನ್ನು ಒಂದರಿಂದ ತೊಂಬತ್ತೊಂಬತ್ತಕ್ಕೆ ಏರಿಸಿದ ಕೀರ್ತಿ ನನ್ನ ಪಾಲಿಗೆ ಬಂದಿದೆ. ಇದಕ್ಕೆ ಪ್ರಶಂಸಾಪತ್ರ ಬರಲಿಕ್ಕಿಲ್ಲ. ಮೇಡಂ ಕಾರಿಡಾರಿನಲ್ಲಿ ನನ್ನನ್ನು ನೋಡದೆ ಹಾದುಹೋದರು. ನಾಲ್ಕು ಹೆಜ್ಜೆ ಮುಂದೆ ಹೋಗಿ, ತಿರುಗದೆಯೇ, "ಎಷ್ಟು ಹಾಳೆ ಉಳಿದಿದೆ?" ಎಂದರು. ಹೇಳಿದೆ. "ಒಂದು ಕಳಿಸಿ" ಎಂದರು.

ಜೂನ್ 6, ಶುಕ್ರವಾರ

ಭಾವನ ಸರದಿಗೆ ಇನ್ನೂ ಕಾಯಬೇಕು. ಸರದಿಯಲ್ಲೇ ಬರಲಿ ಎಂದು ಅಕ್ಕನೇ ಹೇಳಿದಳು. ಅದನ್ನು ಅವಳ ಬಾಯಿಂದ ಕೇಳುವಾಗ ತಲೆ ಎತ್ತಲಾಗಲಿಲ್ಲ.

ಅವರಿಗೆ ಮಾತ್ರ ಇಷ್ಟು ದಿನ ಫೋನ್ ಮಾಡಿರಲಿಲ್ಲ. ಮಾಡಬಾರದೆಂದೇ ಇದ್ದೆ. ಮಂಗಳವಾರ ರಾತ್ರಿ ಅಕ್ಕ, "ಅವರೇ ಕೇಳಿದ್ರು, ಪುಟ್ಟ ಎಲ್ಲರಿಗೂ ಫೋನ್ ಮಾಡ್ತಿದಾನಂತಲ್ಲ ಅಂತ. ಹತ್ತು ಗಂಟೆಗೆ ಮಾಡು, ಹೇಳಿಟ್ಟಿರ್ತೀನಿ. ಸದ್ದು ತೆಗೆದು ಕೈಗೆ ಕೊಟ್ಟಿರ್ತೀನಿ, ನಡುಗೋದು ಮಾತ್ರ" ಎಂದಳು.

ಬುಧವಾರ ಎತ್ತಲಿಲ್ಲ. ನಿನ್ನೆ ಎತ್ತಲಿಲ್ಲ. ಇವತ್ತು ಎತ್ತಿದರು.

ಮಾತಿಲ್ಲ. ಉಸಿರು ಕೇಳುತ್ತಿತ್ತು. ನಾನು ಹೂಂ ಎಂದೆ. ಆ ಕಡೆ ಗೋಡೆ ಇದೆ, ಅದರ ಮೇಲೆ ಮೂಗಿದೆ ಎಂದು ನನಗೆ ಗೊತ್ತು. ತುಂಬ ಹೊತ್ತಾದ ಮೇಲೆ, ಮೂರು ತಿಂಗಳಿಂದ ಹೇಳಬೇಕೆಂದಿದ್ದ ಸುದ್ದಿಯನ್ನು ಹೇಳಿದೆ.

"ಭಾವ, ನನ್ನ ಕುರ್ಚಿಗೆ ಚಕ್ರ ಬಂತು."

ಉಸಿರು. ಮತ್ತೆ ಉಸಿರು.

"ಎಷ್ಟು?"

"ಐದು."

"ಹಿಂದೆ ನೋಡ್ಕೊಂಡು ಗಾಡಿ ತೆಗಿ" ಎಂದರು. ಇಟ್ಟುಬಿಟ್ಟರು.

ಇನ್ನೂ ಆರು ಸಾವಿರದ ನಾನೂರಕ್ಕೂ ಹೆಚ್ಚು ಜನ ಇದ್ದಾರೆ. ಹೆಸರು ಮರಳಿ ಬಂದಿದೆ ಎಂಬುದು ಅವರಿಗೆ ತಿಳಿಯಬೇಕಲ್ಲ. ಮೂರು ಜನ ಫೋನ್ ಮಾಡುತ್ತಿದ್ದೇವೆ, ಒಬ್ಬರು ಇದು ತಾವು ಮಾಡುತ್ತಿರುವುದಲ್ಲ ಎನ್ನುತ್ತಾರೆ.

ಆದ್ದರಿಂದ, ಈ ಡ್ರಾಯರು ತೆಗೆದು ಇದನ್ನು ಓದುತ್ತಿರುವವರು ಯಾರೇ ಇರಲಿ, ತಮ್ಮಲ್ಲಿ ಒಂದು ಸಣ್ಣ ಕೋರಿಕೆ. ಹತ್ತರಿಂದ ಒಂದರ ನಡುವೆ ಗುರುತಿಲ್ಲದ ನಂಬರಿನಿಂದ ಕರೆ ಬಂದರೆ, ಸಾಧ್ಯವಾದರೆ ಎತ್ತಿ. ಮಾತಾಡಬೇಕೆಂದೇನಿಲ್ಲ. ಇವತ್ತು ಆಗದಿದ್ದರೆ ಬಿಡಿ, ನಾಳೆ ಮತ್ತೆ ಮಾಡುತ್ತೇನೆ.